ತಾಯಂದಿರ ಕೂಟದಿಂದ ಮಕ್ಕಳಿಗೆ ನಿಜವಾಗಲೂ ಅನುಕೂಲ ಆಯ್ತಾ? ಹೇಗೆ ನೋಡೋದು?

ಪ್ರಶ್ನೆ (ಗುರುಮಠಕಲ್ ಕಡೆಯವಳು):
ಯಾದಗಿರಿ ಜಿಲ್ಲೆಯ ಎರಡು ತಾಂಡಾಗಳಲ್ಲಿ ನಾವು ಕೆಲವು ಹೆಣ್ಣುಮಕ್ಕಳು ಸೇರಿ ಅಂಗನವಾಡಿ ಮಕ್ಕಳ ತಾಯಂದಿರ ಕೂಟ ನಡೆಸುತ್ತೇವೆ. ಚಿತ್ರದ ಪುಸ್ತಕ ಮನೆಗೆ ಕೊಡುತ್ತೇವೆ. ಓದು ಬಾರದ ತಾಯಿಯೂ ಚಿತ್ರ ನೋಡಿ ಮಗುವಿನ ಜೊತೆ ಮಾತಾಡಬಹುದು, ಅದನ್ನು ಕೂತು ತೋರಿಸುತ್ತೇವೆ. ಕಳೆದ ವರ್ಷ ಅಕ್ಷರ ಗೊತ್ತಿಲ್ಲದ ಮಕ್ಕಳು ಈಗ ಗುರುತಿಸುತ್ತಿದ್ದಾರೆ. ಹಣ ಕೊಟ್ಟವರು, ‘ಇದು ನಿಮ್ಮಿಂದಲೇ ಆಯ್ತಾ?’ ಅಂತ ಕೇಳಿದ್ದಾರೆ. ಏನಂತ ಹೇಳಲಿ?

ಉತ್ತರ (ಬೀದರ್‌ನ ಮೇಷ್ಟ್ರು):
ಹಾಜರಿ ಪುಸ್ತಕ ಇದೆ ಅಲ್ವಾ? ಎಷ್ಟು ತಾಯಂದಿರು ಬಂದರು ಅಂತ ತೋರಿಸಿ, ಸಾಕು.

ಉತ್ತರ (ಚಿತ್ತಾಪುರದಿಂದ):
ಮೇಷ್ಟ್ರೇ, ಸಾಲದು. ಹಾಜರಿಯಿಂದ ಯಾರು ಬಂದರು ಅಂತ ಗೊತ್ತಾಗುತ್ತದೆ, ಮಗು ಏನು ಕಲಿತಿತು ಅಂತ ಅಲ್ಲ. ಇನ್ನೊಂದು, ವರ್ಷ ಕಳೆದರೆ ಮಕ್ಕಳು ಹೇಗೂ ಬೆಳೆಯುತ್ತಾರೆ. ಹಾಗಾಗಿ ಕೂಟ ಇನ್ನೂ ಶುರುವಾಗದ ತಾಂಡಾದ, ಅದೇ ವಯಸ್ಸಿನ ಮಕ್ಕಳನ್ನೂ ನೋಡಬೇಕು. ಮುಂದೆ ಹೊಸ ತಾಂಡಾಗಳಿಗೆ ಹೋಗುವಾಗ ಯಾವುದು ಮೊದಲು ಅಂತ ಚೀಟಿ ಎತ್ತಿ. ಯಾರಿಗೂ ಅನ್ಯಾಯ ಆಗಲ್ಲ, ಹೋಲಿಕೆಯೂ ನ್ಯಾಯವಾಗಿರುತ್ತದೆ.

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986–87ರಲ್ಲಿ ಹೀಗೇ ಮಾಡಿದರು. ಬೆಳವಣಿಗೆ ಕುಂಠಿತವಾದ 129 ಮಕ್ಕಳು. ಕೆಲವರ ಮನೆಗೆ ಎರಡು ವರ್ಷ, ವಾರಕ್ಕೊಂದು ಗಂಟೆ ಆರೋಗ್ಯ ಕಾರ್ಯಕರ್ತೆಯರು ಹೋಗಿ, ಮಗುವಿನ ಜೊತೆ ಆಡೋದು, ಮಾತಾಡೋದು ತಾಯಿಗೆ ತೋರಿಸಿದರು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ದುಡಿಮೆ ಉಳಿದವರಿಗಿಂತ ಶೇ. 25ರಷ್ಟು ಜಾಸ್ತಿ ಇತ್ತು. ಹೋಲಿಸಲು ಇನ್ನೊಂದು ಗುಂಪು ಇದ್ದದ್ದಕ್ಕೇ ಇದನ್ನು ಧೈರ್ಯವಾಗಿ ಹೇಳಲು ಆಯಿತು.

ಅಕ್ಷರ ಒಂದನ್ನೇ ಅಳೆಯಬೇಡಿ. ಒಬ್ಬ ಹುಡುಗಿ ನನ್ನ ಮುಂದೆ ಅ ಆ ಇ ಈ ಸರಸರ ಹೇಳಿದಳು. ನಡುವಿನ ‘ಇ’ ಮೇಲೆ ಬೆರಳಿಟ್ಟೆ. ಮತ್ತೆ ಅ-ದಿಂದ ಹಾಡುತ್ತಾ ಬಂದು ಅಲ್ಲಿ ನಿಂತಳು! ಪುಸ್ತಕವನ್ನು ತಲೆಕೆಳಗೆ ಕೊಟ್ಟು ನೋಡಿ, ತಿರುಗಿಸಿಕೊಳ್ಳುತ್ತಾಳಾ? ಚಿತ್ರ ನೋಡಿ ಏನಾಯ್ತು ಅಂತ ಹೇಳುತ್ತಾಳಾ? ಲಂಬಾಣಿಯಲ್ಲಿ ಹೇಳಿದರೂ ಪೂರ್ತಿ ಅಂಕ ಕೊಡಿ. ಮನೆಮಾತಲ್ಲಿ ಕಥೆ ಕಟ್ಟುವ ಮಗುವಿಗೆ ‘ಏನೂ ಬರಲ್ಲ’ ಅಂತ ಬರೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಗುರುಮಠಕಲ್ ಕಡೆಯವಳು:
ಸುಗ್ಗಿ ಮುಗಿದ ಮೇಲೆ ಕೆಲವು ಮನೆಯವರು ಪುಣೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಆ ಮಕ್ಕಳನ್ನು ಲೆಕ್ಕದಿಂದ ಬಿಡಲಾ?

ಚಿತ್ತಾಪುರದಿಂದ:
ಬಿಡಬೇಡಿ. ಊರಲ್ಲೇ ಉಳಿದವರನ್ನಷ್ಟೇ ಎಣಿಸಿದರೆ ಫಲಿತಾಂಶ ಸುಮ್ನೆ ಚೆನ್ನಾಗಿ ಕಾಣುತ್ತದೆ. ಹೋದವರ ಹೆಸರು ಪಟ್ಟಿಯಲ್ಲಿ ಇರಲಿ, ವಾಪಸ್ ಬಂದಾಗ ನೋಡಿ, ಬಾರದವರು ಎಷ್ಟು ಅಂತಲೂ ಬರೆಯಿರಿ. ಮತ್ತೆ, ಪರೀಕ್ಷೆ ಮಾಡುವವರು ಕೂಟ ನಡೆಸಿದವರಾಗಿರಬಾರದು. ಲಂಬಾಣಿ ಬಲ್ಲ ಹೊರಗಿನ ಹುಡುಗಿಯರನ್ನು ಹುಡುಕಿ.