ಅಪ್‌ಡೇಟ್: ಬೆಳಿಗ್ಗೆ ತೆವಳುತ್ತಿದ್ದ ಎಸ್ಟೇಟ್ ಕಂಪ್ಯೂಟರ್

ಮಡಿಕೇರಿ ಚಳಿಯಲ್ಲಿ ನಮ್ಮ ಎಸ್ಟೇಟ್ ಆಫೀಸಿನ ಕಂಪ್ಯೂಟರ್ ಆನ್ ಮಾಡಿದ ಮೇಲೆ ಸುಮಾರು ಹೊತ್ತು ತೆವಳುತ್ತದೆ, ಹಳೇ ಜೀಪಿನ ಹಾಗೆ ಬಿಸಿಯಾಗಬೇಕಾ ಅಂತ ಹಿಂದೆ ನಿಮ್ಮನ್ನು ಕೇಳಿದ್ದೆ. ಬಿಸಿ ಏನೂ ಬೇಕಿಲ್ಲ. ಜಾಸ್ತಿ ಬಿಸಿಯಾದರೇ ಪ್ರೊಸೆಸರ್ ವೇಗ ಇಳಿಸಿಕೊಳ್ಳುವುದು.

ನೀವು ಹೇಳಿದಂತೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಯಾವ ಪ್ರೋಗ್ರಾಂ ಎಷ್ಟು ಕೆಲಸ ಹೇರುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ನೋಡಿದೆ. ಸಿಪಿಯು (ಅದೇ ಪ್ರೊಸೆಸರ್) ಆರಾಮಾಗಿತ್ತು, ಡಿಸ್ಕ್ ಮಾತ್ರ 100% ಬ್ಯುಸಿ! ಆಂಟಿವೈರಸ್, ವಿಂಡೋಸ್ ಅಪ್‌ಡೇಟ್, ಯಾವಾಗಲೋ ಕೊಟ್ಟುಬಿಟ್ಟ ಪ್ರಿಂಟರಿನ ಸಾಫ್ಟ್‌ವೇರ್ ಎಲ್ಲ ಒಂದೇ ಸಲ ಹಳೇ ಹಾರ್ಡ್ ಡಿಸ್ಕ್ ಮೇಲೆ ಮುಗಿಬಿದ್ದಿದ್ದವು. ಕಂಪ್ಯೂಟರ್ ಆನ್ ಆದಾಗ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿದೆ. ಆಂಟಿವೈರಸ್ ಮುಟ್ಟಲಿಲ್ಲ.

ಕೂಲಿ ಲೆಕ್ಕದ ಎಕ್ಸೆಲ್ ಈಗ ಬೇಗ ತೆರೆಯುತ್ತದೆ. ಪೂರ್ತಿ ಗುಣವಾಗಲು ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿಯೇ ಬೇಕು. ಮಳೆ ಬಿಟ್ಟ ಮೇಲೆ ಕುಶಾಲನಗರದಲ್ಲಿ ಹಾಕಿಸುತ್ತೇನೆ. ಈಗಂತೂ ಕರೆಂಟ್ ಇದ್ದರೆ ತಾನೇ ಕಂಪ್ಯೂಟರ್!