ಹಳೆ ತೊಲೆ, ಹೊಸ ಪಕಾಸು: ಮರದ ಮನೆ ಬಗ್ಗೆ ಇಂಜಿನಿಯರ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಹಳೆ ಮರದ ಮನೆ ಉಳಿಸಿಕೊಳ್ಳುವವರು, ನಾಲ್ಕಾರು ಕುಟುಂಬ ಸೇರಿ ಮರದಲ್ಲೇ ಸಣ್ಣದಾಗಿ ಏನಾದರೂ ಕಟ್ಟಬೇಕು ಅನ್ನುವವರು ಇವತ್ತು ಕೇಳಬಹುದು. ಮೇಡಂ ಮಲೆನಾಡಲ್ಲಿ ವರ್ಷಗಟ್ಟಲೆ ಮರದ ಕಟ್ಟಡದ ಕೆಲಸವನ್ನೇ ಮಾಡಿದವರು. ಪ್ರಶ್ನೆ ಇಲ್ಲೇ ಹಾಕಿ. ಅವರ ಇನ್‌ಬಾಕ್ಸ್‌ಗೆ ಹೋಗಬೇಡಿ.

ಕಾಫಿತೋಟ ಮೂಡಿಗೆರೆ: ನಮಸ್ತೆ ಮೇಡಂ. ತೋಟದಲ್ಲಿ ಹಳೆ ಸಿಲ್ವರ್ ಓಕ್ ಇದೆ. ಕೆಲಸದವರಿಗೆ ಮೂರು ಸಣ್ಣ ಮನೆ ಆಗಬೇಕು. ಹಂಚು ಹೊರುವ ಪಕಾಸು, ರೀಪು ಇದರಲ್ಲೇ ಮಾಡಿಸಬಹುದಾ?

ಇಂಜಿನಿಯರ್: ಮಾಡಿಸಬಹುದು, ಔಷಧಿ ಕುಡಿಸಿದರೆ ಮಾತ್ರ. ಬರೀ ಸಿಲ್ವರ್ ಓಕ್ ಅಂದರೆ ಮರ ಕೊರೆಯುವ ಕುಟ್ಟೆ ಹುಳಕ್ಕೂ ಗೆದ್ದಲಿಗೂ ಹಬ್ಬದೂಟ. ಮಿಲ್ಲಲ್ಲಿ ಸೈಜು ಕೊಯ್ಸಿ, ಹಸಿ ಇರುವಾಗಲೇ ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣದಲ್ಲಿ ಅದ್ದಿ, ಪೇರಿಸಿ, ಪ್ಲಾಸ್ಟಿಕ್ ಹೊದಿಸಿ ಕೆಲವು ವಾರ ಬಿಡಿ. ಆಮೇಲೆ ನೆರಳಲ್ಲಿ ಒಣಗಿಸಿ. ಈ ಔಷಧಿ ನೀರಿಗೆ ತೊಳೆದುಹೋಗುತ್ತದೆ. ಹಂಚಿನ ಕೆಳಗೆ ಸರಿ, ಮಳೆ ಹೊಡೆಯುವ ಸೂರಿನ ತುದಿಗೂ ನೆಲಕ್ಕೆ ತಾಗುವ ಕಂಬಕ್ಕೂ ಬೇಡ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ವಿನಾಯಿತಿ ಇದೆ. ಸಾಗಿಸುವ ಮುಂಚೆ ಅರಣ್ಯ ಇಲಾಖೆಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಬೆಂಗಳೂರು ಟು ಕಳಸ: ಮರದ ಮನೆಗೆ ಬ್ಯಾಂಕ್ ಸಾಲ ಸಿಗುತ್ತಾ ಮೇಡಂ? ವಿಮೆ ಮಾಡಿಸಬಹುದಾ?

ಹಳೆಮನೆ ಸಾಗರ: ಅಕ್ಕ, ನಮಸ್ಕಾರ. ಅಜ್ಜನ ಕಾಲದ ಮನೆ. ನಾಲ್ಕು ಕುಟುಂಬದವರು ಪಾಲು ಮಾಡದೆ ಒಟ್ಟಿಗೇ ಇಟ್ಟುಕೊಂಡಿದ್ದೇವೆ. ಉಪ್ಪರಿಗೆಯ ದೊಡ್ಡ ಕೋಣೆ, 12ಕ್ಕೆ 15 ಅಡಿ, ಊರಿನ ಮಹಿಳಾ ಸಂಘದ ಹೊಲಿಗೆಗೆ ಬಿಟ್ಟಿದ್ದೇವೆ. ಹಲಗೆಯ ಮುಚ್ಚಿಗೆ ಕಿರುಗುಟ್ಟುತ್ತದೆ ಅಂತ ಎರಡು ವರ್ಷದ ಹಿಂದೆ ಹಲಗೆ ಮೇಲೆ ಮೂರಿಂಚು ಕಾಂಕ್ರೀಟ್ ಹಾಕಿಸಿ ಟೈಲ್ಸ್ ಕೂರಿಸಿದೆವು. ಈಗ ಒಂದು ತೊಲೆ ಗೋಡೆ ಹತ್ತಿರ ಕಪ್ಪಾಗಿದೆ, ಏನೋ ಉದುರುತ್ತಿದೆ. ನಡುವೆ ಜೋತುಬಿದ್ದ ಹಾಗೂ ಕಾಣುತ್ತದೆ. ಶುಕ್ರವಾರ ಅಲ್ಲೇ ಸತ್ಯನಾರಾಯಣ ಪೂಜೆ, ನಲವತ್ತು ಜನ ಕೂರುತ್ತಾರೆ. ಅಷ್ಟರೊಳಗೆ ಯಾವ ಔಷಧಿ ಹೊಡೆಸಲಿ?

ಇಂಜಿನಿಯರ್: ಔಷಧಿ ಮಾತು ಆಮೇಲೆ. ಆ ತುದಿಯ ಗೋಡೆಯಾಚೆ ಏನಿದೆ? ಎಷ್ಟು ತೊಲೆ, ಅಳತೆ ಏನು? ಉದುರುವುದು ಹಿಟ್ಟಿನ ಹಾಗಿದೆಯಾ, ಚೂರಾ? ಸ್ಕ್ರೂಡ್ರೈವರ್‌ನಿಂದ ತುದಿಗೆ ಚುಚ್ಚಿ, ಎಷ್ಟು ಒಳಗೆ ಹೋಯಿತು ಹೇಳಿ. ಈಗಲೇ.

ತೀರ್ಥಹಳ್ಳಿ ಮಾವ: ಫಾರ್ವರ್ಡ್ ಬಂದದ್ದು 👇 ಹಳೆ ಇಂಜಿನ್ ಆಯಿಲ್ 5 ಲೀಟರ್, ಕಲ್ಲುಪ್ಪು 2 ಕೆಜಿ, ಬೇವಿನೆಣ್ಣೆ ಅರ್ಧ ಲೀಟರ್ ಕಾಯಿಸಿ ತೊಲೆಗೆ ಬಳಿದರೆ 100 ವರ್ಷ ಗೆದ್ದಲು ಹತ್ತಿರ ಸುಳಿಯಲ್ಲ. ಎಲ್ಲರಿಗೂ ಕಳಿಸಿ 🙏

ಇಂಜಿನಿಯರ್: ದಯವಿಟ್ಟು ಯಾರಿಗೂ ಕಳಿಸಬೇಡಿ. ಇಂಜಿನ್ ಆಯಿಲ್ ಮರದೊಳಗೆ ಆಳಕ್ಕೆ ಇಳಿಯಲ್ಲ, ಮಣ್ಣಿಗೆ ಇಳಿದು ಬಾವಿ ಸೇರುತ್ತದೆ. ಉಪ್ಪು ತೇವ ಎಳೆಯುತ್ತದೆ, ಮೊಳೆಗೆ ತುಕ್ಕು ಹಿಡಿಸುತ್ತದೆ. ಒಲೆ ಮೇಲೆ ಎಣ್ಣೆ ಕಾಯಿಸಲು ಹೋಗಿ ಮನೆ ಸುಟ್ಟರೆ ಗೆದ್ದಲು ಬರುವುದಿಲ್ಲ, ಅದೊಂದು ನಿಜ.

ತೀರ್ಥಹಳ್ಳಿ ಮಾವ: ನಮ್ಮ ಆಚಾರಿ ನಲವತ್ತು ವರ್ಷದಿಂದ ಬಳಿಯುತ್ತಿದ್ದಾರೆ ತಾಯಿ. ಪುಸ್ತಕ ಓದಿದವರಿಗೆ ಗೊತ್ತಾಗಲ್ಲ.

ಕುಂದಾಪುರ ಗೇರು: ನಮ್ಮಲ್ಲಿ ಗೇರೆಣ್ಣೆ ಬಳಿಯುತ್ತಾರೆ, ಅದಕ್ಕೇನಂತೀರಿ?

ಇಂಜಿನಿಯರ್: ಅದರಲ್ಲಿ ಸ್ವಲ್ಪ ಹುರುಳಿದೆ. ಬರಿಗೈಲಿ ಮುಟ್ಟಬೇಡಿ, ಬೊಬ್ಬೆ ಏಳುತ್ತದೆ.

ಹಳೆಮನೆ ಸಾಗರ: ಅಕ್ಕ, ಆಚೆ ಬಚ್ಚಲು. ಕಾಂಕ್ರೀಟ್ ಹಾಕಿಸುವಾಗಲೇ ಕಟ್ಟಿಸಿದ್ದು. ಮಣ್ಣಿನ ಗೋಡೆಗೆ ಎರಡೂ ಕಡೆ ಸಿಮೆಂಟ್ ಪ್ಲಾಸ್ಟರ್. ಐದು ತೊಲೆ, ಆರಕ್ಕೆ ಎಂಟಿಂಚು, ಮತ್ತಿ ಅಂತಾರೆ ಅಜ್ಜಿ. ಹಿಟ್ಟಲ್ಲ, ಬೆರಳಲ್ಲಿ ಒತ್ತಿದರೆ ಸಣ್ಣ ಚೌಕ ಚೂರು ಕಳಚುತ್ತದೆ. ಸ್ಕ್ರೂಡ್ರೈವರ್ ಹಿಡಿಕೆವರೆಗೂ ಹೋಯಿತು. ಬೆಣ್ಣೆಗೆ ಹೋದ ಹಾಗೆ.

ಇಂಜಿನಿಯರ್: ಉಪ್ಪರಿಗೆಗೆ ಇವತ್ತೇ ಬೀಗ ಹಾಕಿ. ಹೊಲಿಗೆ ಮಿಷನ್ ತರಲು ಕೂಡ ಯಾರೂ ಹತ್ತಬೇಡಿ. ಕೆಳಕೋಣೆಯಲ್ಲಿ ಯಾರೂ ಮಲಗಬೇಡಿ.

ಇದು ಹುಳದ ಕೆಲಸ ಅಲ್ಲ, ಕೊಳೆತ. ಮರದಲ್ಲಿ ತೇವ ಇಪ್ಪತ್ತು ಪರ್ಸೆಂಟ್ ದಾಟಿ ಹಾಗೇ ನಿಂತರೆ ಶಿಲೀಂಧ್ರ ಹಿಡಿಯುತ್ತದೆ. ನಿಮ್ಮ ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಬೇಸಿಗೆಯಲ್ಲಿ ಬಿಡುತ್ತಿತ್ತು, ತೊಲೆಯ ತುದಿ ಅದರೊಳಗೆ ಸುಖವಾಗಿತ್ತು. ನೀವು ಪಕ್ಕದಲ್ಲಿ ಬಚ್ಚಲು ತಂದು ಎರಡೂ ಕಡೆ ಸಿಮೆಂಟ್ ಬಳಿದಿರಿ. ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ತುದಿ ಕೊಳೆತರೆ ನಡುವಿನ ಮರ ಎಷ್ಟು ಗಟ್ಟಿ ಇದ್ದರೂ ಪ್ರಯೋಜನವಿಲ್ಲ, ಕೂರುವ ಜಾಗವೇ ಹೋಗಿದೆ.

ಭಾರದ ಲೆಕ್ಕ ನೋಡಿ. 180 ಚದರಡಿಗೆ ಮೂರಿಂಚು ಕಾಂಕ್ರೀಟ್ ಅಂದರೆ ಮೂರು ಟನ್, ಟೈಲ್ಸ್ ಬೇರೆ. ನಲವತ್ತು ಜನ ಎರಡೂವರೆ ಟನ್. ಹಲಗೆ ನೆಲಕ್ಕೆ ಅಂತ ಇಟ್ಟ ತೊಲೆ ಅದು.

ತೊಲೆ ಅಡಿಗೆ ಊರುಗಂಬ ಕೊಡಿಸಿ, ಕೊಳೆತ ತುದಿಯಿಂದ ಈಚೆ, ಗಟ್ಟಿ ಮರ ಸಿಗುವಲ್ಲಿ. ಐದೂ ತೊಲೆಗೆ. ಕಂಬದ ಕೆಳಗೂ ಮೇಲೂ ದಪ್ಪ ಹಲಗೆ ಇರಲಿ. ಬೆಣೆ ಬಿಗಿ ಆಗುವಷ್ಟೇ ಹೊಡೆಯಿರಿ, ಜಾಕಿ ಇಟ್ಟು ಎತ್ತಲು ಹೋಗಬೇಡಿ. ಈ ಕೆಲಸ ಗೊತ್ತಿದ್ದವರೇ ಮಾಡಲಿ.

ಹಳೆಮನೆ ಸಾಗರ: ಮೇಸ್ತ್ರಿ ಆನೆ ನಿಂತರೂ ಏನೂ ಆಗಲ್ಲ ಅಂದಿದ್ದರು...

ಇಂಜಿನಿಯರ್: ಆನೆ ನಿಲ್ಲಿಸಿ ನೋಡಿದ್ದರಾ?

ಹಸಿರು ಶಿರಸಿ: ಒಂದು ಮಾತು. ಮರ ಕಡಿದು ಮನೆ ಕಟ್ಟೋದನ್ನ ಪರಿಸರಸ್ನೇಹಿ ಅಂತೀರಲ್ಲ, ನಾಚಿಕೆ ಆಗಲ್ವಾ?

ಬಡಗಿ ಕೊಪ್ಪ: ಒಣ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ ಸ್ವಾಮಿ, ಮನೆ ಇರೋತನಕ ಅಲ್ಲೇ ಇರುತ್ತೆ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಸುಮಾರು ಎಂಟು ಪರ್ಸೆಂಟ್ ಸಿಮೆಂಟಿನದು. ನಿಮ್ಮನೆ ಆರ್‌ಸಿಸಿ ತಾನೆ?

ಹಸಿರು ಶಿರಸಿ: ನಮ್ಮನೆ ಸುದ್ದಿ ಬೇಡ. ಗುಡ್ಡ ಬೋಳಿಸಿ ಅಕೇಶಿಯಾ ನೆಟ್ಟಿದ್ದು ಯಾರು?

ಬಡಗಿ ಕೊಪ್ಪ: ನಾನಾ ನೆಟ್ಟಿದ್ದು? ನೆಟ್ಟಾಗಿದೆ, ಬೆಳೆದಾಗಿದೆ. ಸೌದೆ ಮಾಡಿ ಸುಡೋದಕ್ಕಿಂತ ಕಿಟಕಿ ಮಾಡಿದರೆ ತಪ್ಪೇನು? ಚೇಗು, ಅಂದರೆ ಒಳಗಿನ ಗಟ್ಟಿ ಮರ, ಬಲಿತದ್ದು ಚೆನ್ನಾಗೇ ಬಾಳುತ್ತೆ.

ನಾಟಾ ಮಾರ್ಟ್: ಬೀಟೆ ಮರ ಇದೆ, ಅರಣ್ಯ ಇಲಾಖೆ ಪಾಸ್ ರಗಳೆ ಇಲ್ಲ, ಬೇಕಾದವರು ಮೆಸೇಜ್ ಮಾಡಿ.

ಅಡ್ಮಿನ್: ನಾಟಾ ಮಾರ್ಟ್ ಅವರನ್ನು ಹೊರಹಾಕಲಾಗಿದೆ. ಉಳಿದಿಬ್ಬರು ಜಗಳಕ್ಕೆ ಬೇರೆ ಪೋಸ್ಟ್ ಹಾಕಿಕೊಳ್ಳಿ.

ಬಿದಿರು ಪ್ರೇಮಿ: ಬಿದಿರನ್ನು ಅಮಾವಾಸ್ಯೆಗೆ ಕಡಿದರೆ ಕುಟ್ಟೆ ಬರಲ್ಲ ಅನ್ನೋದು ನಿಜವಾ?

ಇಂಜಿನಿಯರ್: ಕುಟ್ಟೆಗೆ ಬೇಕಾದ್ದು ಬಿದಿರಿನೊಳಗಿನ ಪಿಷ್ಟ. ಕಳಲೆ ಏಳುವ ಮಳೆಗಾಲದಲ್ಲಿ ಕಡಿಯಬೇಡಿ, ಚಳಿಗಾಲಕ್ಕೆ ಕಡಿಯಿರಿ. ಮೂರು ವರ್ಷ ದಾಟಿರಲಿ. ಆಮೇಲೆ ಬೋರಾಕ್ಸ್ ಕುಡಿಸಿ. ಚಂದ್ರನ ವಿಚಾರ ನೀವೇ ನೋಡಿಕೊಳ್ಳಿ.

ಎಸ್ಟೇಟ್ ಸಕಲೇಶಪುರ: ಮೇಡಂ, ಸಿಲ್ವರ್ ಓಕ್ ಪಕಾಸಿಗೆ ಆಗುತ್ತಾ?

ಇಂಜಿನಿಯರ್: ಮೇಲೆ ಓದಿ.

ಬೆಂಗಳೂರು ಟು ಕಳಸ: ಸಾಲದ ಬಗ್ಗೆ ಕೇಳಿದ್ದೆ...

ತೀರ್ಥಹಳ್ಳಿ ಮಾವ: ಸಾಗರದವರೇ, ಹೆದರಬೇಡಿ. ಹೆಂಗಸರು ಸುಮ್ಮನೆ ಗಾಬರಿ ಮಾಡುತ್ತಾರೆ. ಆಯಿಲ್ ಬಳಿದು ಪೂಜೆ ಮಾಡಿ, ದೇವರಿದ್ದಾನೆ.

ಇಂಜಿನಿಯರ್: ಮಾವ, ಶುಕ್ರವಾರ ಆ ತೊಲೆ ಅಡಿಗೆ ನೀವೇ ಚಾಪೆ ಹಾಸಿ ಕೂತುಕೊಳ್ಳಿ. ಇಲ್ಲವಾದರೆ ಬರೆದದ್ದನ್ನು ಅಳಿಸಿ.

(ತೀರ್ಥಹಳ್ಳಿ ಮಾವ ಕಾಮೆಂಟ್ ಅಳಿಸಿದ್ದಾರೆ)

ಕಾಫಿತೋಟ ಮೂಡಿಗೆರೆ: ಮೇಡಂ, ಬೋರಾಕ್ಸ್ ಬದಲು ಸುಣ್ಣ ಆಗುತ್ತಾ?

ಇಂಜಿನಿಯರ್: ಇಲ್ಲ.

ಹಳೆಮನೆ ಸಾಗರ: ಅಕ್ಕ, ಊರುಗಂಬ ಕೊಟ್ಟಾಯಿತು. ಮೂರನೇ ತೊಲೆಗೆ ಬೆಣೆ ಹೊಡೆಯುವಾಗ ಗೋಡೆಯಿಂದ ಒಂದು ಬೊಗಸೆ ಕಪ್ಪು ಪುಡಿ ಸುರಿಯಿತು. ಆಚಾರಿ ಏನೂ ಮಾತಾಡದೆ ಕೆಳಗಿಳಿದು ಬೀಡಿ ಹಚ್ಚಿದರು. ಪೂಜೆ ಅಂಗಳಕ್ಕೆ ಬಂತು. ಮುಂದೆ?

ಇಂಜಿನಿಯರ್: ಕಾಂಕ್ರೀಟ್ ಇಳಿಸಬೇಕು. ಬ್ರೇಕರ್ ಮಿಷನ್ ಬೇಡ, ಸಣ್ಣ ತುಂಡು ಕತ್ತರಿಸಿ ತೆಗೆಸಿ, ಆಗ ಕೆಳಗೆ ಯಾರೂ ಇರಬಾರದು. ಬಚ್ಚಲಿನ ನೀರು ನಿಲ್ಲಿಸಿ, ಗೋಡೆಯ ಸಿಮೆಂಟ್ ಕೆರೆಸಿ ಒಣಗಲು ಬಿಡಿ. ಕೊಳೆತ ತುದಿ ಕತ್ತರಿಸಿ ಗಟ್ಟಿ ಮರಕ್ಕೆ ಹೊಸ ತುಂಡು ಕೂಡಿಸಬಹುದು, ಎರಡೂ ಮಗ್ಗುಲಿಗೆ ಉಕ್ಕಿನ ಪಟ್ಟಿ, ಬೋಲ್ಟ್. ತುದಿ ಕಲ್ಲಿನ ಮೇಲೆ ಕೂರಲಿ, ಸುತ್ತ ಬೆರಳು ಹೋಗುವಷ್ಟು ಗಾಳಿಸಂದು ಇರಲಿ. ಎಷ್ಟು ಉದ್ದ, ಎಷ್ಟು ಬೋಲ್ಟ್ ಅಂತ ನೋಡದೆ ಹೇಳಲ್ಲ. ಮುಂದಿನ ವಾರ ಬರುತ್ತೇನೆ.

ಹಳೆಮನೆ ಸಾಗರ: ಊಟಕ್ಕೇ ಬನ್ನಿ ಅಕ್ಕ. ಅಂಗಳದ ಚಪ್ಪರಕ್ಕೆ ಎಂಟು ಅಡಿಕೆ ಮರ ಕಡಿಸಿದ್ದೇವೆ.

ಇಂಜಿನಿಯರ್: ಕಂಬ ಎರಡಡಿ ಹುಗಿಯಿರಿ. ಬೀಗದ ಕೈ ಅಜ್ಜಿ ಹತ್ತಿರ ಕೊಡಿ, ಮಕ್ಕಳ ಕೈಗೆ ಸಿಗಬಾರದು.