ಪ್ರಶ್ನೋತ್ತರ: ಫ್ಯಾಂಟಸಿ ಆಟಗಳಲ್ಲಿ ಏಟು ತಗಲುವ ಲೆಕ್ಕ

ನಿರ್ವಾಹಕರು: ಪಾತ್ರ ವಹಿಸಿ ಆಡುವ ರೋಲ್ ಪ್ಲೇಯಿಂಗ್ ಆಟಗಳಿಗೆ ಕಾಳಗದ ನಿಯಮಗಳನ್ನು ರೂಪಿಸುವುದನ್ನೇ ವೃತ್ತಿಯಾಗಿಸಿಕೊಂಡ ವಿನ್ಯಾಸಕಿಯೊಬ್ಬರು ಇಂದು ಉತ್ತರಿಸಲಿದ್ದಾರೆ. ಮೇಲಿನ ಉತ್ತರಗಳನ್ನು ಓದಿದ ಮೇಲೆಯೇ ಪ್ರಶ್ನೆ ಕೇಳಬೇಕೆಂದು ವಿನಂತಿ.

ಹೊಸ ಬಿಲ್ಲುಗಾರ: ಮೇಡಂ, ನಮಸ್ಕಾರ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದಲ್ಲಿ ಅಡ್ವಾಂಟೇಜ್ ದೊರೆತರೆ ಅದು ಎಷ್ಟು ಅಂಕಗಳಿಗೆ ಸಮ?

ವಿನ್ಯಾಸಕಿ: ನಮಸ್ಕಾರ. ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. ಇಪ್ಪತ್ತು ಮುಖದ ದಾಳದಲ್ಲಿ 11 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಿದ್ದರೆ ಏಟು ತಗಲುವ ಸಾಧ್ಯತೆ ಶೇ. 50, ಅಡ್ವಾಂಟೇಜ್ ದೊರೆತು ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಂಡರೆ ಅದು ಶೇ. 75 ಆಗುತ್ತದೆ, ಅಂದರೆ ಐದು ಅಂಕ ಕೂಡಿದಂತೆ. 20 ಬಿದ್ದರೆ ಮಾತ್ರ ತಗಲುತ್ತದೆ ಎನ್ನುವಲ್ಲಿ ಶೇ. 5 ಇದ್ದದ್ದು ಶೇ. 9.75 ಆಗುತ್ತದೆ, ಅದು ಒಂದು ಅಂಕಕ್ಕೂ ತುಸು ಕಡಿಮೆ.

ಗದಾಧಾರಿ: ಮೇಡಂ, ನಮ್ಮ ತಂಡಕ್ಕಾಗಿ ನಾನೇ ಒಂದು ಆಟ ಕಟ್ಟುತ್ತಿದ್ದೇನೆ. ಹೊಡೆಯುವವನು ನೂರರ ದಾಳದಲ್ಲಿ 60ರೊಳಗೆ ಉರುಳಿಸಬೇಕು, ಬಳಿಕ ಎದುರಾಳಿ ತಪ್ಪಿಸಿಕೊಳ್ಳಲು ತನ್ನ ದಾಳ ಉರುಳಿಸುತ್ತಾನೆ. ಗಾಬ್ಲಿನ್ ಎಂಬ ಮೂರು ಕುಳ್ಳ ದುಷ್ಟಜೀವಿಗಳೊಂದಿಗಿನ ಕಾಳಗ ಒಂದು ಗಂಟೆ ಎಳೆಯಿತು. ಈಗ ಎಲ್ಲ ಆಟಗಾರರೂ ತಪ್ಪಿಸಿಕೊಳ್ಳುವ ಕೌಶಲಕ್ಕೇ ಅಂಕ ಸುರಿಯುತ್ತಿದ್ದಾರೆ. ನಾನು ಎಡವಿದ್ದು ಎಲ್ಲಿ?

ವಿನ್ಯಾಸಕಿ: ಇಂದಿನ ಪ್ರಶ್ನೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು, ಆದ್ದರಿಂದ ವಿವರವಾಗಿಯೇ ಬರೆಯುತ್ತೇನೆ. ಎರಡು ದಾಳಗಳನ್ನು ಒಂದರ ಹಿಂದೊಂದು ಇಡುವುದರಲ್ಲಿ ತಪ್ಪಿಲ್ಲ. 1978ರ ರೂನ್‌ಕ್ವೆಸ್ಟ್ ಆಟದಲ್ಲಿಯೂ ಹೊಡೆಯುವವನಿಗೊಂದು, ತಡೆಯುವವನಿಗೊಂದು ದಾಳವಿತ್ತು. ಆದರೆ ನಿಮ್ಮ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ನೂರು ಏಟುಗಳಲ್ಲಿ 60 ಗುರಿಯತ್ತ ಹೋಗುತ್ತವೆ, ಎದುರಾಳಿಯ ಕೌಶಲವೂ 60 ಆಗಿದ್ದರೆ ಅವುಗಳಲ್ಲಿ 36ರಿಂದ ಅವನು ಪಾರಾಗುತ್ತಾನೆ, ಉಳಿದ 24 ಮಾತ್ರ ತಗಲುತ್ತವೆ. ಕೌಶಲ 80 ಆದರೆ ತಗಲುವುದು 12, 90 ಆದರೆ 6. ಸೊನ್ನೆಯಿಂದ ಹತ್ತಕ್ಕೆ ಏರಿದವನು ತನಗೆ ತಗಲುವ ಏಟುಗಳಲ್ಲಿ ಹತ್ತನೆಯ ಒಂದು ಭಾಗವನ್ನಷ್ಟೇ ತಗ್ಗಿಸಿಕೊಂಡ. ಎಂಬತ್ತರಿಂದ ತೊಂಬತ್ತಕ್ಕೆ ಏರಿದವನು ಅದೇ ಹತ್ತು ಅಂಕಗಳಿಂದ ಅರ್ಧಕ್ಕರ್ಧ ಇಳಿಸಿಕೊಂಡ. ನಿಮ್ಮ ಆಟಗಾರರು ಇದನ್ನು ಸರಿಯಾಗಿಯೇ ಕಂಡುಕೊಂಡಿದ್ದಾರೆ, ಅವರನ್ನು ಬೈಯಬೇಡಿ.

ಸರಿಪಡಿಸಲು ನಾನಾದರೆ ಎರಡು ಕೆಲಸ ಮಾಡುತ್ತೇನೆ. ಒಂದು, ಒಂದೇ ಸುತ್ತಿನಲ್ಲಿ ಬಂದ ಪ್ರತಿ ಏಟಿನ ಬಳಿಕವೂ ತಪ್ಪಿಸಿಕೊಳ್ಳುವ ಕೌಶಲ 20ರಷ್ಟು ಕುಸಿಯಲಿ. ಆಗ 80ರ ವೀರನನ್ನು ಮೂರು ಗಾಬ್ಲಿನ್‌ಗಳು ಮುತ್ತಿದರೆ ಅವುಗಳ ಏಟು ತಗಲುವ ಸಾಧ್ಯತೆ ಕ್ರಮವಾಗಿ ಶೇ. 12, 24, 36 ಆಗುತ್ತದೆ. ಸುತ್ತುವರಿಯುವುದಕ್ಕೆ ಅರ್ಥ ಬರುತ್ತದೆ. ಎರಡು, ಹೊಡೆಯುವವನು ತನ್ನ ನಿಖರತೆಯನ್ನು ಬಿಟ್ಟುಕೊಟ್ಟು ಎದುರಾಳಿಯನ್ನು ಏಮಾರಿಸಲು ಅವಕಾಶವಿರಲಿ. 90ರ ಕತ್ತಿಗಾರನಿಗೆ 80ರ ಎದುರಾಳಿಯ ಮೇಲೆ ಶೇ. 18 ಸಾಧ್ಯತೆಯಿದೆ, ತನ್ನ 30 ಅಂಕ ಬಿಟ್ಟು ಎದುರಾಳಿಯ 30 ಅಂಕ ಕಳೆದರೆ 60 ಮತ್ತು 50 ಉಳಿದು, ಅದೇ ಸಾಧ್ಯತೆ ಶೇ. 30ಕ್ಕೆ ಏರುತ್ತದೆ. ಗರ್ಪ್ಸ್ ಆಟದಲ್ಲಿ ಇಂಥ ನಿಯಮವಿದೆ, ಅಲ್ಲಿ ಎರಡು ಅಂಕ ಬಿಟ್ಟರೆ ಎದುರಾಳಿಯದು ಒಂದು ಕಳೆಯುತ್ತದೆ.

ರಾತ್ರಿ ಕಾವಲು: ಕತ್ತಲಲ್ಲಿ ದೂರದ ಗುರಿಗೆ ಬಾಣ ಬಿಟ್ಟರೆ ಎಷ್ಟು ಅಂಕ ಕಳೆಯಬೇಕು ಮೇಡಂ?

ಕೀಲಿಮಣೆ ವೀರ: ಕಂಪ್ಯೂಟರ್ ಆಟದಲ್ಲಿ ಶೇ. 90 ಎಂದು ತೋರಿಸಿ ಎರಡು ಸಲ ಸತತ ತಪ್ಪಿಸಿತು. ಇದು ವಂಚನೆಯಲ್ಲವೇ?

ವಿನ್ಯಾಸಕಿ: ಅಲ್ಲ. ಶೇ. 90ರ ಏಟುಗಳನ್ನು ಎರಡೆರಡಾಗಿ ಎಣಿಸಿದರೆ ನೂರು ಜೋಡಿಗಳಲ್ಲಿ ಒಂದು ಜೋಡಿ ಪೂರ್ತಿ ತಪ್ಪುವುದು ಸಹಜ. ಆಟಗಾರರ ಈ ಬೇಸರವನ್ನು ತಗ್ಗಿಸುವ ಲೆಕ್ಕವೂ ಉಂಟು: ಫೈರ್ ಎಂಬ್ಲಮ್ ಸರಣಿಯ ಹಲವು ಭಾಗಗಳಲ್ಲಿ 0ಯಿಂದ 99ರೊಳಗಿನ ಎರಡು ಸಂಖ್ಯೆಗಳ ಸರಾಸರಿಯು ಪರದೆಯ ಅಂಕಿಗಿಂತ ಕಡಿಮೆಯಿದೆಯೇ ಎಂದು ನೋಡುವುದರಿಂದ ಪರದೆಯ ಮೇಲಿನ 90 ವಾಸ್ತವದಲ್ಲಿ 98.1, ಅಲ್ಲಿನ 30 ವಾಸ್ತವದಲ್ಲಿ 18.3.

ಅದೃಷ್ಟವಂತ: ಒಂದು ಸಂದೇಶ ಬಂದಿದೆ, ಹಂಚಿಕೊಳ್ಳುತ್ತಿದ್ದೇನೆ. ದಾಳವನ್ನು 20 ಮೇಲೆ ಬರುವಂತೆ ಇಟ್ಟು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಭಾರ ಕೆಳಗಿಳಿದು ಸದಾ 20 ಬೀಳುತ್ತದಂತೆ.

ವಿನ್ಯಾಸಕಿ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಪ್ಲಾಸ್ಟಿಕ್ ಮೆತ್ತಗಾಗಿ ದಾಳದ ಆಕಾರ ಕೆಡುತ್ತದೆ, ಬಣ್ಣದಲ್ಲಿ ಲೋಹದ ಪುಡಿಯಿದ್ದರೆ ಕಿಡಿಯೂ ಹಾರಬಹುದು. ಇಂಥ ಸಂದೇಶವನ್ನು ಮುಂದಕ್ಕೆ ಕಳಿಸುವ ಮುನ್ನ ಒಂದು ಕ್ಷಣ ಯೋಚಿಸಬಾರದೇ? ನೂರು ಸಲ ಉರುಳಿಸಿದರೆ 20 ಸರಾಸರಿ ಐದು ಸಲ ಬೀಳಬೇಕು. ಎರಡೇ ಸಲ ಬಿದ್ದರೂ, ಎಂಟು ಸಲ ಬಿದ್ದರೂ ದಾಳವನ್ನು ಶಂಕಿಸಲು ಅಷ್ಟು ಸಾಲದು.

ಲೋಹಕವಚ: ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದಲ್ಲಿ ಕವಚ ತೊಟ್ಟವನಿಗೆ ಏಟು ತಗಲುವುದೇ ಕಡಿಮೆ ಎನ್ನುವುದು ಅಸಂಬದ್ಧ. ಕವಚವು ಗಾಯವನ್ನು ಕಡಿಮೆ ಮಾಡಬೇಕೇ ಹೊರತು ಏಟನ್ನು ತಪ್ಪಿಸಬಾರದು.

ಹಳೆಯ ಆಟಗಾರ: 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಆ ಆಟ ಬಂದಾಗಿನಿಂದಲೂ ‘ತಗಲಲಿಲ್ಲ’ ಎಂದರೆ ಕವಚಕ್ಕೆ ಬಡಿದು ಜಾರಿತು ಎಂಬ ಅರ್ಥವೂ ಸೇರಿದೆ. ಒಂದೇ ದಾಳದಲ್ಲಿ ಕೆಲಸ ಮುಗಿಯುತ್ತದೆ.

ಲೋಹಕವಚ: ಹಳೆಯದೆಂಬ ಕಾರಣಕ್ಕೆ ಸರಿಯಾಗುವುದಿಲ್ಲ. ಕವಚದ ರಕ್ಷಣೆಯನ್ನು ಹೇಳುವ ಅಂಕೆ, ಅಂದರೆ ಆರ್ಮರ್ ಕ್ಲಾಸ್, ಕಡಿಮೆಯಾದಷ್ಟೂ ಒಳ್ಳೆಯದು ಎಂಬ ತಲೆಕೆಳಗಿನ ಲೆಕ್ಕವನ್ನು 2000ದ ಮೂರನೆಯ ಆವೃತ್ತಿಯಲ್ಲಿ ಆ ಆಟವೇ ಕೈಬಿಡಲಿಲ್ಲವೇ?

ಹಳೆಯ ಆಟಗಾರ: ಅಂಕೆ ಏರುವ ದಿಕ್ಕು ಬದಲಾಯಿತು, ಕವಚದ ಅರ್ಥ ಬದಲಾಗಲಿಲ್ಲ. ಓದದೆ ವಾದಿಸುವವರ ಜೊತೆ ನಾನು ಮಾತಾಡಲಾರೆ.

ಲೋಹಕವಚ: ಹಾಗಾದರೆ ಮಾತಾಡಬೇಡಿ.

ವಿನ್ಯಾಸಕಿ: ಎರಡೂ ವಿಧಾನಗಳು ಆಡಲು ಯೋಗ್ಯ. ಏಟಿನಿಂದ ಕಳೆಯುವ ಕವಚವು ಚೂರಿಯಂಥ ಸಣ್ಣ ಆಯುಧಗಳನ್ನು ನಿಷ್ಪ್ರಯೋಜಕವಾಗಿಸುತ್ತದೆ, ಅದನ್ನು ಒಪ್ಪುವಿರಾದರೆ ಬಳಸಿ. ಜಗಳವನ್ನು ಬೇರೆಡೆ ಮುಂದುವರಿಸಿ.

ಎರಡು ಕತ್ತಿ: ಅಡ್ವಾಂಟೇಜ್ ಎಂದರೆ ಎಷ್ಟು ಅಂಕ ಮೇಡಂ?

ವಿನ್ಯಾಸಕಿ: ಮೊದಲ ಉತ್ತರ ಓದಿ.

ಅದೃಷ್ಟವಂತ: ಉಪ್ಪುನೀರಿನಲ್ಲಿ ನೆನೆಸಿಟ್ಟರೆ ದಾಳದ ದೋಷ ಹೋಗುತ್ತದೆ ಎಂಬ ಇನ್ನೊಂದು ಸಂದೇಶವಿದೆ.

ವಿನ್ಯಾಸಕಿ: ಹೋಗುವುದಿಲ್ಲ. ಉಪ್ಪುನೀರಿನಲ್ಲಿ ತೇಲಿಸಿದಾಗ ಮತ್ತೆ ಮತ್ತೆ ಒಂದೇ ಮುಖ ಮೇಲೆ ಬಂದರೆ ಒಳಗೆ ಗಾಳಿಗುಳ್ಳೆಯಿರಬಹುದೆಂದು ತಿಳಿಯುತ್ತದೆ, ಅಷ್ಟೇ. ಇನ್ನು ಇಂಥದ್ದನ್ನು ಇಲ್ಲಿ ಹಾಕಬೇಡಿ.

ಗದಾಧಾರಿ: ಮೇಡಂ, 20 ಕಳೆಯುವ ನಿಯಮದೊಂದಿಗೆ ಅದೇ ಗಾಬ್ಲಿನ್ ಕಾಳಗವನ್ನು ಮತ್ತೆ ಆಡಿದೆವು, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಆದರೆ ಈಗ ಒಂಟಿ ರಾಕ್ಷಸನನ್ನು ನಾಲ್ವರು ಸುತ್ತುವರಿದರೆ ಅವನು ಒಂದೇ ಸುತ್ತಿನಲ್ಲಿ ಬೀಳುತ್ತಾನೆ.

ವಿನ್ಯಾಸಕಿ: ಬೀಳಲೇಬೇಕು, ನಾನು ಅದನ್ನು ಮೊದಲೇ ಹೇಳಬೇಕಿತ್ತು. ದೊಡ್ಡ ಮೈಯವನಿಗೆ ಪ್ರತಿಸಲ 20ರ ಬದಲು 5 ಮಾತ್ರ ಕಳೆದು ನೋಡಿ, ಮತ್ತು ನಾಲ್ವರೂ ಒಟ್ಟಿಗೆ ನಿಲ್ಲಲು ಜಾಗವಿದೆಯೇ ಎಂದು ನಕ್ಷೆಯಲ್ಲಿ ಅಳೆಯಿರಿ. ಆಡಿದ ಮೇಲೆ ಅಂಕಿಗಳನ್ನು ನನಗೆ ಕಳಿಸಿ.